ಸಿಂಹಾಸನದ ಮೇಲೆ ಮಗು: ಮೈಸೂರಿನ ಮೂರು ಬಾಲರಾಜರ ಕಾಲ ಕಲಿಸುವ ಪಾಠ

(ದತ್ತಿ ಉಪನ್ಯಾಸದ ಪೂರ್ಣಪಾಠ)



ಮೈಸೂರು ಒಡೆಯರ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸಬಲ್ಲವರು ಈ ಸಭೆಯಲ್ಲಿ ಹಲವರಿದ್ದೀರಿ. ಅರಸರ ಹೆಸರು, ಪಟ್ಟವಾದ ವರ್ಷ, ತೀರಿಕೊಂಡ ವರ್ಷ, ಇಷ್ಟನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ. ಇವತ್ತು ಅದೇ ವಂಶಾವಳಿಗೆ ಇನ್ನೊಂದು ಪ್ರಶ್ನೆ ಕೇಳೋಣ: ಪಟ್ಟವಾದ ದಿನ ಆ ಅರಸರ ವಯಸ್ಸೆಷ್ಟು?

1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಅವರಿಗೆ ಐದು ತುಂಬಲು ಇನ್ನೂ ಎರಡು ವಾರವಿತ್ತು. 1868ರ ಸೆಪ್ಟೆಂಬರ್ 23ರಂದು ಚಾಮರಾಜೇಂದ್ರ ಒಡೆಯರು ಸಿಂಹಾಸನವೇರಿದಾಗ ಅವರಿಗೆ ಐದೂವರೆ. 1895ರ ಫೆಬ್ರವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತೂವರೆ. ಒಂದರ ಹಿಂದೆ ಒಂದರಂತೆ ಮೂರು ಪಟ್ಟಾಭಿಷೇಕ, ಮೂರರಲ್ಲೂ ಸಿಂಹಾಸನದ ಮೇಲೆ ಕೂತದ್ದು ಮಗು.

ಇನ್ನೊಂದು ಲೆಕ್ಕವನ್ನೂ ನೋಡಿ. ಮುಮ್ಮಡಿಯವರ ಪಟ್ಟದಿಂದ ನಾಲ್ವಡಿಯವರು 1902ರ ಆಗಸ್ಟ್ 8ರಂದು ಅಧಿಕಾರ ವಹಿಸಿಕೊಳ್ಳುವವರೆಗೆ 103 ವರ್ಷ. ಅದರಲ್ಲಿ ಸುಮಾರು 32 ವರ್ಷ ಅರಸರು ಅಪ್ರಾಪ್ತ ವಯಸ್ಕರು. ಇನ್ನೂ 36 ವರ್ಷಕ್ಕಿಂತ ಹೆಚ್ಚು ಕಾಲ ಪ್ರಾಯದ ಅರಸರು ಅರಮನೆಯಲ್ಲಿದ್ದರೂ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಅರಸರು ತಾವೇ ರಾಜ್ಯವಾಳಿದ್ದು 1811ರಿಂದ 1831ರವರೆಗೆ ಮತ್ತು 1881ರಿಂದ 1894ರವರೆಗೆ, ಒಟ್ಟು 34 ವರ್ಷದೊಳಗೆ. ಅಂದರೆ ನಾವು ಅರಸೊತ್ತಿಗೆ ಎಂದು ಕರೆಯುವ ಆ ಶತಮಾನದ ಮೂರರಲ್ಲಿ ಎರಡು ಪಾಲು ಅರಸನ ಹೆಸರಿನಲ್ಲಿ ಬೇರೆಯವರು ನಡೆಸಿದ ಆಡಳಿತ.

ಹಾಗಾಗಿ ಬಾಲರಾಜನ ಕಾಲವೆಂಬುದನ್ನು ಎರಡು ದೊಡ್ಡ ಆಳ್ವಿಕೆಗಳ ನಡುವಿನ ಖಾಲಿ ಜಾಗವೆಂದು ಭಾವಿಸಿ ದಾಟಿಬಿಡುವಂತಿಲ್ಲ. ಮಗುವಿಗೆ ಆಳಲು ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೆ ವ್ಯವಸ್ಥೆಯನ್ನೂ ಮಾಡಿಕೊಳ್ಳಬಹುದು. ನಿಜವಾದ ಕಷ್ಟ ಬರುವುದು ಮಗು ದೊಡ್ಡವನಾದ ದಿನ. ನನ್ನ ಇಂದಿನ ವಾದ ಇಷ್ಟೇ: ಒಬ್ಬರ ಪರವಾಗಿ ಆಳುವವರನ್ನು ಅಳೆಯಬೇಕಾದದ್ದು ಅವರು ಎಷ್ಟು ಚೆನ್ನಾಗಿ ಆಳಿದರು ಎಂಬುದರಿಂದ ಮಾತ್ರವಲ್ಲ, ಯಾವ ಸ್ಥಿತಿಯಲ್ಲಿ ಮರಳಿಸಿದರು ಎಂಬುದರಿಂದಲೂ.

ಹಳೆಯ ಪ್ರಶ್ನೆ

ಈ ಸಮಸ್ಯೆಯನ್ನು ನಮ್ಮ ಹಿಂದಿನವರು ಬಹಳ ಹಿಂದೆಯೇ ಯೋಚಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದ ಕೊನೆಯಲ್ಲಿ ರಾಜನಿಗೆ ಆಪತ್ತು ಬಂದಾಗ ಅಮಾತ್ಯನು ಏನು ಮಾಡಬೇಕು ಎಂಬ ಚರ್ಚೆ ಬರುತ್ತದೆ. ಅಲ್ಲಿ ಭಾರದ್ವಾಜನ ಮತವನ್ನು ಕೌಟಿಲ್ಯ ಮೊದಲು ಮುಂದಿಡುತ್ತಾನೆ. ರಾಜ ಸಾಯುವ ಹೊತ್ತಿನಲ್ಲಿ ಅಮಾತ್ಯನು ರಾಜವಂಶದವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ರಾಜ್ಯವನ್ನು ತಾನೇ ತೆಗೆದುಕೊಳ್ಳಲಿ, ತಾನಾಗಿ ಬಂದ ಅವಕಾಶವನ್ನು ಬಿಡುವುದೇಕೆ ಎಂಬುದು ಭಾರದ್ವಾಜನ ವಾದ. ಕೌಟಿಲ್ಯ ಒಪ್ಪುವುದಿಲ್ಲ. ಅದು ಅಧರ್ಮ, ಪ್ರಜೆಗಳನ್ನು ಕೆರಳಿಸುವ ಕೆಲಸ, ಫಲವೂ ಖಚಿತವಿಲ್ಲ ಎನ್ನುತ್ತಾನೆ. ಯೋಗ್ಯ ಕುಮಾರನನ್ನು ಪಟ್ಟಕ್ಕೆ ತಂದು, ಉಳಿದ ಮಹಾಮಾತ್ರರನ್ನು ಸೇರಿಸಿ, ಈ ಹುಡುಗ ಬರಿಯ ಧ್ವಜ, ರಾಜ್ಯದ ಹೊಣೆ ನಿಮ್ಮೆಲ್ಲರದು ಎಂದು ತಿಳಿಸಬೇಕು ಎಂಬುದು ಅವನ ಮಾರ್ಗ. ಅಲ್ಲಿಗೇ ಅವನು ನಿಲ್ಲಿಸುವುದಿಲ್ಲ. ಕುಮಾರ ಪ್ರಾಯಕ್ಕೆ ಬಂದ ಮೇಲೆ ಅಮಾತ್ಯನು ತಾನಾಗಿಯೇ ವಿಶ್ರಾಂತಿ ಬೇಡಬೇಕು, ಅರಸನಿಗೆ ತನ್ನ ಮೇಲೆ ಅಸಮಾಧಾನವಿದ್ದರೆ ಬಿಟ್ಟು ಹೋಗಬೇಕು ಎನ್ನುತ್ತಾನೆ. ಅಧಿಕಾರ ಹಿಡಿಯುವ ಉಪಾಯಗಳಿಗೆ ಹೆಸರಾದ ಗ್ರಂಥವೊಂದು ಅಧಿಕಾರ ಬಿಡುವ ಬಗೆಯನ್ನೂ ಹೇಳಿಕೊಟ್ಟಿದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಆ ಗ್ರಂಥದ ಹಸ್ತಪ್ರತಿ ಸಿಕ್ಕಿದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಮೈಸೂರಿನ ಕೊನೆಯ ಬಾಲರಾಜರ ಕಾಲ ಮುಗಿದದ್ದು 1902ರಲ್ಲಿ. ಆ ಮೂರೂ ಅವಧಿಗಳಲ್ಲಿ ಆಡಳಿತ ನಡೆಸಿದವರಿಗೆ ಕೌಟಿಲ್ಯನ ಸಲಹೆ ಕೈಗೆ ಸಿಗುವಂತಿರಲಿಲ್ಲ. ಅವರು ಕಲಿತದ್ದೆಲ್ಲ ಪೆಟ್ಟು ತಿಂದೇ.

ಕನ್ನಡ ನಾಡಿನ ಹಿಂದಿನ ಅನುಭವವೂ ಹಿತವಾಗಿರಲಿಲ್ಲ. ಬಿಜಾಪುರದಲ್ಲಿ 1580ರಲ್ಲಿ ಒಂದನೆಯ ಅಲಿ ಆದಿಲ್‌ಶಾಹನ ಕೊಲೆಯಾದಾಗ ಅವನ ಸೋದರನ ಮಗ, ಒಂಬತ್ತು ವರ್ಷದ ಇಬ್ರಾಹಿಂ ಪಟ್ಟಕ್ಕೆ ಬಂದ. ಮುಂದಿನ ಹತ್ತು ವರ್ಷ ಆಡಳಿತ ಕಾಮಿಲ್ ಖಾನನಿಂದ ಕಿಶ್ವರ್ ಖಾನನಿಗೆ, ಅವನಿಂದ ಇಖ್ಲಾಸ್ ಖಾನನಿಗೆ, ಆಮೇಲೆ ದಿಲಾವರ್ ಖಾನನಿಗೆ ಕೈಬದಲಾಯಿತು. ಪ್ರತಿ ಸಲವೂ ಬದಲಾವಣೆ ಆದದ್ದು ಬಲಪ್ರಯೋಗದಿಂದ. ಬಾಲಕನನ್ನು ನೋಡಿಕೊಳ್ಳುತ್ತಿದ್ದ ಚಾಂದ್ ಬೀಬಿಯನ್ನು ಕಿಶ್ವರ್ ಖಾನ್ ಸಾತಾರದ ಕೋಟೆಯಲ್ಲಿ ಸೆರೆಯಿಟ್ಟ. ದಿಲಾವರ್ ಖಾನ್ ತನಗಿಂತ ಹಿಂದಿದ್ದ ಇಖ್ಲಾಸ್ ಖಾನನ ಕಣ್ಣು ಕೀಳಿಸಿದ. ಕೊನೆಗೆ 1590ರಲ್ಲಿ, ಹತ್ತೊಂಬತ್ತರ ಆಸುಪಾಸಿನ ಇಬ್ರಾಹಿಂ ತಾನೇ ದಿಲಾವರ್ ಖಾನನನ್ನು ಓಡಿಸಿ ಅಧಿಕಾರ ಪಡೆಯಬೇಕಾಯಿತು. ಯಾರೂ ಅವನಿಗೆ ಅದನ್ನು ಒಪ್ಪಿಸಲಿಲ್ಲ.

ಮೈಸೂರಿನಲ್ಲೇ 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಚಿಕ್ಕ ಹುಡುಗನಾಗಿ ಪಟ್ಟಕ್ಕೆ ಬಂದರು. ಕಳಲೆಯ ದಳವಾಯಿ ದೇವರಾಜಯ್ಯ ಮತ್ತು ನಂಜರಾಜಯ್ಯ ಸೋದರರು ಸೈನ್ಯವನ್ನೂ ಖಜಾನೆಯನ್ನೂ ಹಿಡಿದುಕೊಂಡರು. ಹುಡುಗ ದೊಡ್ಡವನಾದ, ಅಧಿಕಾರ ಮಾತ್ರ ಅರಮನೆಗೆ ಮರಳಲಿಲ್ಲ. ಹಾಗೆ ಮರಳದೆ ಉಳಿದ ಅಧಿಕಾರ ಯಾರ ಸೊತ್ತೂ ಆಗಿರಲಿಲ್ಲವಾದ್ದರಿಂದ ಅವರಿಗಿಂತ ಬಲಶಾಲಿಯಾದ ಹೈದರ್ ಅಲಿ 1761ರ ಹೊತ್ತಿಗೆ ಅದನ್ನು ತನ್ನದಾಗಿಸಿಕೊಂಡ. ಅಲ್ಲಿಂದ ಮುಂದೆ ಯಾರು ಅರಸರಾಗಬೇಕೆಂಬುದೂ ಅವನ ಇಷ್ಟ. 1776ರಲ್ಲಿ ರಾಜಬಂಧುಗಳ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ, ಆಟಿಕೆ, ಹಣ್ಣು, ಆಯುಧಗಳನ್ನು ಹರಡಿದ್ದಾಗ ಕಠಾರಿಯೊಂದನ್ನು ಎತ್ತಿಕೊಂಡ ಹುಡುಗನನ್ನೇ ಅರಸನೆಂದು ಹೈದರ್ ಆರಿಸಿದ ಎಂದು, ಮುಂದೆ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟರ ಕೆಲಸ ಮಾಡಿದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಆ ಹುಡುಗನೇ ಖಾಸಾ ಚಾಮರಾಜ ಒಡೆಯರು, ಮುಮ್ಮಡಿಯವರ ತಂದೆ. ಕಥೆ ನಿಜವೋ ಕಟ್ಟಿದ್ದೋ, ಅದು ಹುಟ್ಟಿದ ಕಾಲದ ಸ್ಥಿತಿಯನ್ನಂತೂ ಸರಿಯಾಗಿ ಹೇಳುತ್ತದೆ. ಆರಿಸುವ ಕೈ ಬೇರೆ, ಪಟ್ಟಕ್ಕೇರುವ ಮಗು ಬೇರೆ ಎಂಬಂತಾಗಿತ್ತು.

ಪೂರ್ಣಯ್ಯನವರ ಹನ್ನೆರಡು ವರ್ಷ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ಮುಂದೆ ಎರಡು ದಾರಿಗಳಿದ್ದವು. ಟಿಪ್ಪುವಿನ ಮಕ್ಕಳಲ್ಲಿ ಒಬ್ಬನನ್ನು ಗಾದಿಯ ಮೇಲೆ ಕೂರಿಸುವುದು ಒಂದು, ಹಳೆಯ ಒಡೆಯರ ವಂಶವನ್ನು ಮರಳಿ ತರುವುದು ಇನ್ನೊಂದು. ಟಿಪ್ಪುವಿನ ಹಣಕಾಸು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯನವರು ಮೊದಲು ಸೂಚಿಸಿದ್ದು ಟಿಪ್ಪುವಿನ ಮನೆತನವನ್ನೇ. ಕಂಪನಿ ಬೇರೆ ಲೆಕ್ಕ ಹಾಕಿತು. ಟಿಪ್ಪುವಿನ ಪ್ರಾಯಕ್ಕೆ ಬಂದ ಮಗ ತಂದೆಯ ಸೋಲನ್ನು ಮರೆಯಲಾರ. ಐದು ವರ್ಷದ ಮಗುವಿಗೆ ನೆನಪಿಟ್ಟುಕೊಳ್ಳಲು ಏನೂ ಇಲ್ಲ, ಕೃತಜ್ಞತೆಯೊಂದನ್ನು ಬಿಟ್ಟರೆ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಕಳಿಸಲಾಯಿತು. ಅಂದರೆ ಮೈಸೂರಿನಲ್ಲಿ ಅರಸ ಮಗುವಾಗಿದ್ದದ್ದು ಆಕಸ್ಮಿಕವಲ್ಲ, ಗೆದ್ದವರಿಗೆ ಅದೇ ಬೇಕಾಗಿತ್ತು.

ಈ ಮಗುವಿನ ಪರವಾಗಿ ಯಾರು ಆಳಬೇಕು? ನ್ಯಾಯವಾಗಿ ನೋಡಿದರೆ ಮೊದಲು ಬರಬೇಕಾದ ಹೆಸರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರದು. ಇಮ್ಮಡಿ ಕೃಷ್ಣರಾಜರ ವಿಧವೆಯಾದ ಅವರು ಹೈದರ್ ಮತ್ತು ಟಿಪ್ಪುವಿನ ಕಣ್ಗಾವಲಿನಲ್ಲೇ ಇದ್ದುಕೊಂಡು, ತಿರುಮಲರಾವ್ ಮತ್ತು ನಾರಾಯಣರಾವ್ ಸೋದರರ ಮೂಲಕ ದಶಕಗಳ ಕಾಲ ಇಂಗ್ಲಿಷರೊಡನೆ ಮಾತುಕತೆ ನಡೆಸಿದ್ದರು. ಗೆಲುವು ಸಿಕ್ಕರೆ ಪ್ರಧಾನಗಿರಿ ನಿಮ್ಮದೇ ಎಂದು ಆ ಸೋದರರಿಗೆ ಮಾತನ್ನೂ ಕೊಟ್ಟಿದ್ದರು. ಗೆಲುವು ಬಂತು, ಆ ಮಾತು ನಡೆಯಲಿಲ್ಲ. ದಿವಾನರನ್ನು ಆರಿಸಿದ್ದು ಕಂಪನಿ, ಆರಿಸಿದ್ದು ಪೂರ್ಣಯ್ಯನವರನ್ನು. ಅರಮನೆಯ ಹಿರಿಯರಾಗಿ, ಮಗುವಿನ ಪಾಲಕರಾಗಿ ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಮಗು ಅವರ ಮಡಿಲಲ್ಲಿತ್ತು, ಮೊಹರು ದಿವಾನರ ಕೈಯಲ್ಲಿತ್ತು, ದಿವಾನರ ಬೆನ್ನಿಗೆ ರೆಸಿಡೆಂಟ್ ಬ್ಯಾರಿ ಕ್ಲೋಸ್ ನಿಂತಿದ್ದ. ಬಾಲರಾಜನ ಆಡಳಿತದಲ್ಲಿ ಕಾಣುವ ಮೂರು ಶಕ್ತಿಗಳು ಇಲ್ಲಿ ಮೂರು ಕಡೆ ಹಂಚಿಹೋದವು.

ಪೂರ್ಣಯ್ಯನವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. 1799ರ ಜುಲೈ 8ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾ ಪೊಗದಿಯನ್ನು ಕಂಪನಿಗೆ ಕಟ್ಟಬೇಕಿತ್ತು. ರೂಪಾಯಿ ಲೆಕ್ಕದಲ್ಲಿ ಅದು 24 ಲಕ್ಷ 50 ಸಾವಿರ. ಹೊಸ ರಾಜ್ಯಕ್ಕೆ ಅಂದಾಜು ಮಾಡಿದ್ದ ಹುಟ್ಟುವಳಿಯ ಅರ್ಧಕ್ಕೂ ಮಿಗಿಲಾದ ಮೊತ್ತ. ಹಣ ನಿಂತೀತೆಂಬ ಅನುಮಾನ ಬಂದರೂ ಸಾಕು, ಆಡಳಿತವನ್ನೇ ವಹಿಸಿಕೊಳ್ಳಬಹುದೆಂದು ಅದೇ ಒಪ್ಪಂದ ಕಂಪನಿಗೆ ಹಕ್ಕು ಕೊಟ್ಟಿತ್ತು. ಕನ್ನಡ ಕರಾವಳಿ, ಕೊಯಮತ್ತೂರು, ವೈನಾಡುಗಳನ್ನು ಕಂಪನಿಯೇ ಇಟ್ಟುಕೊಂಡಿದ್ದರಿಂದ ರಾಜ್ಯಕ್ಕೆ ಸಮುದ್ರವೂ ಇರಲಿಲ್ಲ. ಟಿಪ್ಪುವಿನ ಸೈನ್ಯದಿಂದ ಕೆಲಸ ಕಳೆದುಕೊಂಡ ಸಿಪಾಯಿಗಳು ಊರೂರು ತುಂಬಿದ್ದರು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಧೋಂಡಿಯ ವಾಘ್ ಅವರನ್ನು ಸೇರಿಸಿಕೊಂಡು ದಂಗೆಯೆದ್ದ. 1800ರ ಸೆಪ್ಟೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಎದುರು ಅವನು ಸಾಯುವವರೆಗೂ ಉತ್ತರದ ಗಡಿಗೆ ನೆಮ್ಮದಿಯಿರಲಿಲ್ಲ. ಬಲಂ ಸೀಮೆಯ ಪಾಳೆಯಗಾರನನ್ನು ಅಡಗಿಸಲು 1802ರವರೆಗೆ ಕಾಯಬೇಕಾಯಿತು.

ಇಂಥ ಹೊತ್ತಿನಲ್ಲಿ ಪೂರ್ಣಯ್ಯನವರು ಹಳೆಯ ಕಂದಾಚಾರದ ಪಡೆಯನ್ನು ಉಳಿಸಿಕೊಂಡರು, ಕೆರೆಕಾಲುವೆಗಳನ್ನು ದುರಸ್ತಿ ಮಾಡಿಸಿದರು, ಪೊಗದಿಯನ್ನು ತಪ್ಪದೆ ಕಟ್ಟಿದರು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ವೆಲ್ಲೆಸ್ಲಿಯ ಹೆಸರಿಟ್ಟರು. ಅವರು 1811ರ ಕೊನೆಯಲ್ಲಿ ಅಧಿಕಾರ ಬಿಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಉಳಿತಾಯವಿತ್ತೆಂದು ಅಂದಿನ ಬರಹಗಳು ಹೇಳುತ್ತವೆ.

ಮರಳಿಸುವಾಗ ಆದ ಸೋಲು

ಇಷ್ಟಾದರೂ ಆ ಆಡಳಿತಕ್ಕೆ ನಾವು ಪೂರ್ಣ ಅಂಕ ಕೊಡುವಂತಿಲ್ಲ. ಕಾರಣ, ಹನ್ನೆರಡು ವರ್ಷ ರಾಜ್ಯವನ್ನು ಬೆಳೆಸಿದ ವ್ಯವಸ್ಥೆ ರಾಜನನ್ನು ಆಡಳಿತಕ್ಕೆ ತಯಾರು ಮಾಡಲಿಲ್ಲ. ಮುಮ್ಮಡಿಯವರು ಮಂದಮತಿಯಾಗಿರಲಿಲ್ಲ. ಶ್ರೀತತ್ತ್ವನಿಧಿಯಂಥ ಬೃಹತ್ ಸಂಕಲನ ಅವರ ಹೆಸರಿನಲ್ಲಿದೆ. ಚದುರಂಗದ ಆಟದಲ್ಲಿ, ಸಂಗೀತ, ಸಾಹಿತ್ಯ, ಚಿತ್ರಕಲೆಗಳ ಪೋಷಣೆಯಲ್ಲಿ ಅವರಿಗೆ ಸಾಟಿಯಾದ ಅರಸರು ಆ ಕಾಲದಲ್ಲಿ ಕಡಿಮೆ. ಆದರೆ ಜಮಾಬಂದಿಯ ಲೆಕ್ಕ, ಅಮಲ್ದಾರರ ನೇಮಕ, ಕಂಪನಿಯೊಡನೆ ನಡೆಸಬೇಕಾದ ಪತ್ರವ್ಯವಹಾರ, ಇವೆಲ್ಲ ದಿವಾನರ ಕಚೇರಿಯೊಳಗೇ ಇದ್ದವು. ಹುಡುಗ ಅರಮನೆಯಲ್ಲಿ ಬೆಳೆದ, ರಾಜ್ಯ ಕಚೇರಿಯಲ್ಲಿ ಬೆಳೆಯಿತು. ಒಂದಕ್ಕೊಂದು ಪರಿಚಯವೇ ಆಗಲಿಲ್ಲ.

ಹದಿನಾರು ದಾಟುತ್ತಲೇ ಯುವಕ ಅರಸರು ಅಧಿಕಾರ ಕೇಳಿದರು. ಮುದಿವಯಸ್ಸಿನ ದಿವಾನರಿಗೂ ಅವರಿಗೂ ಮನಸ್ಸು ಕೆಟ್ಟಿತು. ರೆಸಿಡೆಂಟ್ ಕೋಲ್ ನಡುವೆ ಬರಬೇಕಾಯಿತು. ಹದಿನೇಳನೆಯ ವಯಸ್ಸಿನಲ್ಲಿ ಮುಮ್ಮಡಿಯವರಿಗೆ ಎಲ್ಲ ಅಧಿಕಾರವೂ ಒಂದೇ ಸಲ ಸಿಕ್ಕಿತು. 1812ರ ಮಾರ್ಚ್ ಕೊನೆಯಲ್ಲಿ ಪೂರ್ಣಯ್ಯನವರು ತೀರಿಕೊಂಡರು. ಕೇಳಲು ಹಿರಿಯರಿಲ್ಲ, ಜೊತೆಗೆ ಕೂತು ಯೋಚಿಸಲು ಒಂದು ಸಭೆಯಿಲ್ಲ, ಮೇಲಿನಿಂದ ತಡೆಯುವ ನಿಯಮವಿಲ್ಲ. ಪೂರ್ಣಯ್ಯನವರ ಆಡಳಿತ ಒಬ್ಬ ವ್ಯಕ್ತಿಯ ಆಡಳಿತವಾಗಿತ್ತು. ಆ ವ್ಯಕ್ತಿ ಹೋದೊಡನೆ ಅದರ ನೆನಪೂ ಅವರ ಜೊತೆಗೇ ಹೋಯಿತು.

ಮುಂದಿನ ಇಪ್ಪತ್ತು ವರ್ಷಗಳ ಕಥೆ ನಿಮಗೆ ಗೊತ್ತು. ಉಳಿತಾಯ ಕರಗಿತು. 1825ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಹಣಕಾಸು ಸರಿಪಡಿಸದಿದ್ದರೆ ಕಂಪನಿ ಕೈಹಾಕಬೇಕಾದೀತೆಂದು ಎಚ್ಚರಿಸಿದ. ಇಂತಿಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರರಿಂದ ಬರೆಸಿಕೊಳ್ಳುವ ಶರತ್ತು ಪದ್ಧತಿಯಲ್ಲಿ ರೈತರು ನಲುಗಿದರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಎದ್ದರು. ಬೂದಿ ಬಸವಪ್ಪನೆಂಬವನು ತಾನೇ ನಗರದ ಅರಸನೆಂದು ಸಾರಿಕೊಂಡ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1799ರ ಒಪ್ಪಂದದ ಕಲಮುಗಳನ್ನೇ ಮುಂದೆ ಮಾಡಿ ಆಡಳಿತವನ್ನು ಕಂಪನಿಗೆ ತೆಗೆದುಕೊಂಡ. ಆ ನಿರ್ಧಾರ ನ್ಯಾಯವಾಗಿತ್ತೇ ಎಂಬ ಅನುಮಾನ ಮುಂದೆ ಬೆಂಟಿಂಕನಿಗೇ ಬಂತು.

ಎಲ್ಲ ತಪ್ಪನ್ನೂ ಮುಮ್ಮಡಿಯವರ ತಲೆಗೆ ಕಟ್ಟುವುದು ಕಂಪನಿಯ ಕಡತಗಳ ರೂಢಿ. ಪೊಗದಿಯ ಭಾರ, ಬೆಲೆಯಿಳಿತ, 1807ರ ಒಪ್ಪಂದದಂತೆ ಸದಾ ಸಾಕಬೇಕಿದ್ದ 4,000 ಕುದುರೆ ಸವಾರರ ಖರ್ಚು, ಇವುಗಳನ್ನು ಆ ಕಡತಗಳು ಮೆಲ್ಲಗೆ ಹೇಳುತ್ತವೆ. ಈಜು ಕಲಿಸದೆ ಹುಡುಗನನ್ನು ಹೊಳೆಗೆ ತಳ್ಳಿ, ಆಮೇಲೆ ಅವನಿಗೆ ಈಜು ಬರುವುದಿಲ್ಲವೆಂದು ವರದಿ ಬರೆದಂತಾಯಿತು.

ಇಂಗ್ಲಿಷ್ ಪಾಲಕರ ಕಾಲ

ಎರಡನೆಯ ಬಾಲರಾಜರ ಸಂದರ್ಭದಲ್ಲಿ ಪ್ರಶ್ನೆ ಇನ್ನೂ ಮೊದಲಿನದಾಗಿತ್ತು: ರಾಜ್ಯಕ್ಕೆ ಅರಸನೇ ಇರಬೇಕೇ? ಮುಮ್ಮಡಿಯವರು 1865ರ ಜೂನ್ 18ರಂದು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಭಾರತ ಸರ್ಕಾರ ಮೊದಲು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನ ಮಂತ್ರಿಮಂಡಲ ದತ್ತಕವನ್ನು ಮಾನ್ಯಮಾಡಿತು. ಮರುವರ್ಷದ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ತಾನು ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆಯಲು 36 ವರ್ಷಕ್ಕೂ ಹೆಚ್ಚು ಕಾಲ ಅರ್ಜಿ ಬರೆದ ಆ ಮುದುಕರ ಕೊನೆಯ ಗೆಲುವು ಒಂದು ಮಗು.

ಈ ಸಲ ಬ್ರಿಟಿಷರು ಪೂರ್ಣಯ್ಯನವರ ಕಾಲದ ಕೊರತೆಯನ್ನು ತುಂಬಲು ಹೊರಟರು. ಹದಿನೆಂಟು ತುಂಬಿದ ಮೇಲೆ ಯೋಗ್ಯನೆಂದು ಕಂಡರೆ ರಾಜ್ಯ ಒಪ್ಪಿಸುವುದೆಂದು ಮೊದಲೇ ಸಾರಿದರು. ಅಂದರೆ ಗಡುವು ನಿಗದಿಯಾಯಿತು. ಹುಡುಗನ ಶಿಕ್ಷಣಕ್ಕೆ ಪಾಲಕರನ್ನು ನೇಮಿಸಿದರು. ಮೊದಲು ಕರ್ನಲ್ ಹೇನ್ಸ್, 1869ರಿಂದ ಹಲವು ವರ್ಷ ಇತಿಹಾಸಕಾರನೂ ಆಗಿದ್ದ ಕರ್ನಲ್ ಮ್ಯಾಲೆಸನ್, ಆಮೇಲೆ ಜೇಮ್ಸ್ ಗಾರ್ಡನ್. ಒಡನಾಡಿಗಳಾಗಿ ಅರಸು ಮನೆತನಗಳ ಹುಡುಗರನ್ನು ಸೇರಿಸಿ ಅರಮನೆಯ ಶಾಲೆ ನಡೆಯಿತು. ಅರಮನೆಯ ಸಾಲ, ಲೆಕ್ಕ, ಸಿಬ್ಬಂದಿಯ ಗೊಂದಲವನ್ನು ಸರಿಮಾಡಲು 1868ರಲ್ಲೇ ರಂಗಾಚಾರ್ಲು ಅವರನ್ನು ಕರೆತಂದದ್ದು ಆ ಕಾಲದ ಅತ್ಯುತ್ತಮ ನಿರ್ಧಾರ.

ದೋಷ ಬೇರೆ ಕಡೆಯಿತ್ತು. ಮಗುವಿನ ಪರವಾಗಿ ಆಳುವವರು ಮಾಡಿದ ಸಾಲವನ್ನು ತೀರಿಸುವವನು ಯಾರು? 1876ರಿಂದ 78ರವರೆಗಿನ ಭೀಕರ ಬರದಲ್ಲಿ ಮೈಸೂರು ರಾಜ್ಯದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಐವರಲ್ಲಿ ಒಬ್ಬರೆಂಬ ಲೆಕ್ಕ. ಖಜಾನೆಯ ಉಳಿತಾಯ ಬರಿದಾಯಿತು, ಮೇಲೆ 80 ಲಕ್ಷ ರೂಪಾಯಿ ಸಾಲ ಬೆಳೆಯಿತು. 1881ರ ಮಾರ್ಚ್ 25ರಂದು ಹದಿನೆಂಟರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಒಪ್ಪಿಸುವಾಗ ಆ ಸಾಲವನ್ನೂ ಒಪ್ಪಿಸಲಾಯಿತು. ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಜೊತೆಗಿತ್ತು, ಅದನ್ನು ವಸೂಲು ಮಾಡುವುದನ್ನು ಮಾತ್ರ ಮುಂದಕ್ಕೆ ಹಾಕಲಾಯಿತು. ಹಸ್ತಾಂತರ ಪತ್ರದ ಕಲಮುಗಳು ಅರಸರ ಕೈಯನ್ನು ಕಾನೂನು, ಸೈನ್ಯ, ಹಣಕಾಸು ಹೀಗೆ ಎಲ್ಲ ಕಡೆಯಿಂದಲೂ ಕಟ್ಟಿದ್ದವು. ಇಂಗ್ಲಿಷ್ ಅಧಿಕಾರಿಗಳೇ ತುಂಬಿದ ದುಬಾರಿ ಆಡಳಿತ ಮೈಸೂರಿಗೆ ಹೊಂದುವುದಿಲ್ಲವೆಂದು ರಂಗಾಚಾರ್ಲು 1874ರ ಕಿರುಹೊತ್ತಗೆಯಲ್ಲೇ ವಾದಿಸಿದ್ದರು.

ದಿವಾನರಾದ ಮೇಲೆ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಜಮೀನುದಾರರು, ವರ್ತಕರು ಬಂದು ಆಡಳಿತದ ವರದಿ ಕೇಳಿದರು, ತಮ್ಮ ಸೀಮೆಯ ಅಹವಾಲು ಹೇಳಿದರು. ಮತ ಹಾಕುವ ಅಧಿಕಾರ ಅದಕ್ಕಿರಲಿಲ್ಲ. ಆದರೂ ಅರಸ, ದಿವಾನ, ರೆಸಿಡೆಂಟ್ ಎಂಬ ಮೂವರ ಆಟದಲ್ಲಿ ನಾಲ್ಕನೆಯವರಾಗಿ ಪ್ರಜೆಗಳು ಬಂದು ಕೂತರು. ಈ ಸಭೆಯ ಬೆಲೆ ತಿಳಿದದ್ದು ಮೂರನೆಯ ಬಾಲರಾಜರ ಕಾಲದಲ್ಲಿ.

ರೀಜೆಂಟ್ ಮಹಾರಾಣಿ

1894ರ ಡಿಸೆಂಬರ್ 28ರಂದು ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ಹಠಾತ್ತನೆ ತೀರಿಕೊಂಡರು. ಆಗ ಅವರಿಗೆ 31 ವರ್ಷ. ಮೂವತ್ತೂ ತುಂಬದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನೊಡನೆ ರೀಜೆಂಟ್ ಆದರು. ಲಕ್ಷ್ಮಮ್ಮಣ್ಣಿಯವರಿಗೆ ಸಿಗದೆ ಹೋದದ್ದು ಇವರಿಗೆ ಸಿಕ್ಕಿತು: ಮಗುವಿನ ಪಾಲನೆಯೂ ರಾಜ್ಯದ ಅಧಿಕಾರವೂ ಕಾಯಿದೆಯ ಪ್ರಕಾರ ಒಬ್ಬರಲ್ಲೇ ಸೇರಿದವು. ಅವರ ಕೆಳಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ರೀಜೆನ್ಸಿ ಕೌನ್ಸಿಲ್ ರಚನೆಯಾಯಿತು. ತಂಬೂಚೆಟ್ಟಿ, ಪಿ.ಎನ್. ಕೃಷ್ಣಮೂರ್ತಿ, ಅಬ್ದುಲ್ ರಹಮಾನ್ ಅದರ ಸದಸ್ಯರು.

ಕಷ್ಟಗಳು ಕಡಿಮೆಯಿರಲಿಲ್ಲ. 1897ರ ಫೆಬ್ರವರಿಯಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಊರಿಗೆ ಊರೇ ಗುಡಿಸಲುಗಳಿಗೆ ಓಡಿತು. ಇಂಥ ಹೊತ್ತಿನಲ್ಲಿ ಬಾಲರಾಜನ ಸರ್ಕಾರಗಳು ಸಾಮಾನ್ಯವಾಗಿ ಕೈಕಟ್ಟಿ ಕೂರುತ್ತವೆ. ದೊಡ್ಡ ನಿರ್ಧಾರಗಳನ್ನು ಅರಸ ಬೆಳೆದ ಮೇಲೆ ನೋಡೋಣವೆಂದು ತಳ್ಳಿಹಾಕುವುದು ಸುಲಭ, ಮುಂದೆ ಯಾರೂ ಪ್ರಶ್ನಿಸುವಂತಿಲ್ಲ. ಈ ಸರ್ಕಾರ ಹಾಗೆ ಮಾಡಲಿಲ್ಲ. ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟಿನ ಕೆಲಸ ಆರಂಭವಾಯಿತು. ಮುಂದೆ ಆ ಕೆರೆಗೆ ವಾಣಿವಿಲಾಸ ಸಾಗರವೆಂಬ ಹೆಸರು ಬಂದದ್ದು ಈ ರೀಜೆಂಟರ ನೆನಪಿಗೇ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸುವ ಸಾಹಸಕ್ಕೆ ಒಪ್ಪಿಗೆ ಕೊಟ್ಟದ್ದೂ ಇದೇ ಸರ್ಕಾರ. ಅರಸನಿಗೆ ಅಧಿಕಾರ ಸಿಗುವ ಕೆಲವೇ ವಾರಗಳ ಮೊದಲು, 1902ರ ಜೂನ್ ಕೊನೆಯಲ್ಲಿ, ಗಣಿಗೆ ವಿದ್ಯುತ್ ಮುಟ್ಟಿತು.

ಎಲ್ಲವೂ ಸೊಗಸಾಗಿತ್ತೆಂದು ನಾನು ಹೇಳುವುದಿಲ್ಲ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ದಿವಾನರಾಗಿದ್ದವರು, ಪೂರ್ಣಯ್ಯನವರಷ್ಟೇ ಪ್ರಬಲರು. ಕೌನ್ಸಿಲಿನೊಳಗೆ ಭಿನ್ನಮತವಿತ್ತು. ದೊಡ್ಡ ಹುದ್ದೆಗಳೆಲ್ಲ ಮದ್ರಾಸಿನವರ ಪಾಲಾಗುತ್ತಿವೆ ಎಂಬ ಮೈಸೂರಿಗರ ಕೂಗು ಜೋರಾಗಿತ್ತು. ಆದರೆ ಆ ಭಿನ್ನಮತ ನಡೆದದ್ದು ಕಡತಗಳ ಮೇಲೆ, ಟಿಪ್ಪಣಿಗಳಲ್ಲಿ, ಮಹಾರಾಣಿಯವರ ಮುಂದೆ. ಬಿಜಾಪುರದಲ್ಲಿ ಕಣ್ಣು ಕೀಳುವುದರಲ್ಲಿ ಮುಗಿಯುತ್ತಿದ್ದ ಜಗಳ ಇಲ್ಲಿ ಕೌನ್ಸಿಲಿನ ನಡವಳಿಯಲ್ಲಿ ಮುಗಿಯಿತು. ಅನಾರೋಗ್ಯದಿಂದ ಶೇಷಾದ್ರಿ ಅಯ್ಯರ್ 1901ರಲ್ಲಿ ನಿವೃತ್ತರಾಗಿ ಅದೇ ವರ್ಷ ತೀರಿಕೊಂಡಾಗ ರಾಜ್ಯ ಒಂದು ದಿನವೂ ತಡವರಿಸಲಿಲ್ಲ. ಅವರ ನಂತರ ಆ ಹುದ್ದೆಗೆ ಬಂದ ಪಿ.ಎನ್. ಕೃಷ್ಣಮೂರ್ತಿಯವರು ಪೂರ್ಣಯ್ಯನವರದೇ ವಂಶದವರು, ಯಳಂದೂರಿನ ಜಹಗೀರುದಾರರು. ಆದರೆ ಅವರು ಬಂದದ್ದು ಕಾನೂನು ಓದಿ, ಸರ್ಕಾರಿ ಸೇವೆಯ ಮೆಟ್ಟಿಲು ಹತ್ತಿ.

ಹುಡುಗನ ಶಿಕ್ಷಣವೂ ಈ ಸಲ ಬೇರೆಯಾಗಿತ್ತು. ರಾಘವೇಂದ್ರರಾಯರು ಪಾಠ ಹೇಳಿದರು. 1896ರಿಂದ ಸ್ಟುವರ್ಟ್ ಫ್ರೇಜರ್ ಪಾಲಕರಾದರು. ಭಾಷೆ, ಸಂಗೀತ, ಕುದುರೆ ಸವಾರಿಗಳ ಜೊತೆಗೆ ಕಂದಾಯದ ನಿಯಮ, ನ್ಯಾಯಪದ್ಧತಿ, ಜಿಲ್ಲೆಗಳ ಪ್ರವಾಸವೂ ಪಾಠವಾಯಿತು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ಲಾರ್ಡ್ ಕರ್ಜನ್ ಹದಿನೆಂಟರ ನಾಲ್ವಡಿಯವರಿಗೆ ಅಧಿಕಾರ ಒಪ್ಪಿಸಿದಾಗ ಮಹಾರಾಣಿಯವರು ಹಿಂದೆ ಸರಿದರು. ಮುಂದೆ 1934ರವರೆಗೂ ಬದುಕಿದ್ದ ಆ ತಾಯಿಯ ಹೆಸರಿನಲ್ಲಿ ಅರಮನೆಯೊಳಗೆ ಇನ್ನೊಂದು ದರ್ಬಾರು ಬೆಳೆಯಲಿಲ್ಲ. ಕೌಟಿಲ್ಯ ಅಮಾತ್ಯನಿಗೆ ಹೇಳಿದ ಸಂಯಮವನ್ನು ಮೈಸೂರಿನ ಒಬ್ಬ ಮಹಾರಾಣಿ, ಆ ಗ್ರಂಥ ಪತ್ತೆಯಾಗುವ ಮೂರು ವರ್ಷ ಮೊದಲೇ, ನಡೆದು ತೋರಿಸಿದರು.

ಮೂರು ಅಳತೆಗಳು

ಈ ಮೂರು ಅವಧಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮೂರು ಪ್ರಶ್ನೆಗಳು ಸಿಗುತ್ತವೆ. ಒಂದು, ಅಧಿಕಾರ ಒಬ್ಬನ ಕೈಯಲ್ಲಿತ್ತೋ, ಪರಸ್ಪರ ತಡೆಯಬಲ್ಲ ಹಲವರ ಕೈಯಲ್ಲಿತ್ತೋ? ಎರಡು, ಯಾರ ಪರವಾಗಿ ಆಳಿದರೋ ಅವರನ್ನು ಆ ಕೆಲಸಕ್ಕೆ ತಯಾರು ಮಾಡಿದರೋ ಇಲ್ಲವೋ? ಮೂರು, ಮರಳಿಸುವ ದಿನ ಮೊದಲೇ ನಿಗದಿಯಾಗಿತ್ತೋ ಇಲ್ಲವೋ, ಮರಳಿಸಿದ್ದು ಸಾಲವನ್ನೋ ಬಂಡವಾಳವನ್ನೋ?

ಪೂರ್ಣಯ್ಯನವರು ಬಂಡವಾಳ ಕೊಟ್ಟರು, ತರಬೇತಿ ಕೊಡಲಿಲ್ಲ, ಸಂಸ್ಥೆ ಕಟ್ಟಲಿಲ್ಲ. ಬ್ರಿಟಿಷರು ಗಡುವು ಕೊಟ್ಟರು, ತರಬೇತಿ ಕೊಟ್ಟರು, ಜೊತೆಗೆ ಸಾಲವನ್ನೂ ಸಂಕೋಲೆಯನ್ನೂ ಕೊಟ್ಟರು. ಕೆಂಪನಂಜಮ್ಮಣ್ಣಿಯವರ ಕಾಲ ಮೂರು ಪ್ರಶ್ನೆಗಳಿಗೂ ಬಹುಪಾಲು ಸರಿಯುತ್ತರ ಕೊಟ್ಟಿತು. ನಾಲ್ವಡಿಯವರ ಆಳ್ವಿಕೆಯ ಕೀರ್ತಿಯನ್ನು ಹಾಡುವಾಗ ಅದರ ತಳಪಾಯ ಆ ಏಳೂವರೆ ವರ್ಷಗಳಲ್ಲಿ ಬಿದ್ದದ್ದೆಂಬುದನ್ನು ನಾವು ಮರೆತಿದ್ದೇವೆ. ಲಕ್ಷ್ಮಮ್ಮಣ್ಣಿ, ಕೆಂಪನಂಜಮ್ಮಣ್ಣಿ ಇಬ್ಬರ ಬಗ್ಗೆಯೂ ಮೂಲ ದಾಖಲೆಗಳನ್ನು ಆಧರಿಸಿದ ಒಳ್ಳೆಯ ಕನ್ನಡ ಜೀವನಚರಿತ್ರೆಗಳು ಇನ್ನಷ್ಟು ಬೇಕು. ಇಲ್ಲಿರುವ ಸಂಶೋಧನ ವಿದ್ಯಾರ್ಥಿಗಳು ಪತ್ರಾಗಾರದ ಬಾಗಿಲು ತಟ್ಟಲಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಅರಸರಿಲ್ಲ, ಬಾಲರಾಜರ ಮಾತೇಕೆ ಎಂದು ನೀವು ಕೇಳಬಹುದು. ಒಬ್ಬರ ಪರವಾಗಿ ಇನ್ನೊಬ್ಬರು ಆಳುವ ಪದ್ಧತಿ ಮಾತ್ರ ಹೋಗಿಲ್ಲ. ಬೆಂಗಳೂರಿನ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಅವರಲ್ಲಿ ಸಮರ್ಥರೂ ಇದ್ದಿರಬಹುದು, ಪೂರ್ಣಯ್ಯನವರೂ ಸಮರ್ಥರೇ ಆಗಿದ್ದರು. ಮರಳಿಸುವ ದಿನ ಹೇಳದೆ, ಕೇಳುವ ಸಭೆಯಿಲ್ಲದೆ ನಡೆಯುವ ಆಡಳಿತ ಪ್ರಾಯಕ್ಕೆ ಬಂದ ಪ್ರಜೆಗಳನ್ನು ಅಪ್ರಾಪ್ತರೆಂದು ನೋಡುತ್ತದೆ. ಗ್ರಾಮ ಪಂಚಾಯಿತಿಯಿರಲಿ, ಸಹಕಾರ ಸಂಘವಿರಲಿ, ವಿಶ್ವವಿದ್ಯಾಲಯವಿರಲಿ, ತಾತ್ಕಾಲಿಕವಾಗಿ ಅಧಿಕಾರ ಹಿಡಿದವರು ಎದುರಾದಾಗ ನಾವು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಇದನ್ನು ಯಾವಾಗ, ಯಾವ ಸ್ಥಿತಿಯಲ್ಲಿ ಮರಳಿಸುತ್ತೀರಿ? ಉತ್ತರ ಸಿಗುವವರೆಗೂ ಕೇಳುತ್ತಲೇ ಇರೋಣ.